ಶಾಲೆಯ ಹೊಸತನ ಯಾರ ಕೈಯಲ್ಲಿದೆ?

ಉಪಾಧ್ಯಾಯರ ತರಬೇತಿ ಎಂದರೆ ಈಚೆಗೆ ಎರಡು ಉಪದೇಶಗಳು ತಪ್ಪದೆ ಕೇಳಿಬರುತ್ತವೆ. ಒಂದು, ಸದಾ ಉಲ್ಲಾಸದಿಂದಿರಿ. ಎರಡು, ಬೋಧನೆಯಲ್ಲಿ ನಾವೀನ್ಯ ತನ್ನಿ. ಮಾತಿನಲ್ಲಿ ದೋಷವಿಲ್ಲ. ಆದರೆ ಕಳಪೆ ನೂಲು ಕೊಟ್ಟು, ಆಳಿಗೆ ಮಗ್ಗಗಳನ್ನು ಹೆಚ್ಚಿಸಿ, ನಗುನಗುತ್ತಾ ನೇಯಿರಿ ಎನ್ನುವ ಯಜಮಾನರನ್ನು ಕಂಡ ನಮ್ಮ ಗಿರಣಿ ಬಂಧುಗಳಿಗೆ ಈ ಧಾಟಿ ಹೊಸದೇನೂ ಅಲ್ಲ.

ನಾವೀನ್ಯವೆಂದರೆ ಅಧಿಕಾರಿಗಳ ಬಾಯಲ್ಲಿ ಸ್ಮಾರ್ಟ್ ಕ್ಲಾಸ್, ಟ್ಯಾಬ್, ಆ್ಯಪ್. ಯಂತ್ರ ಬೇಡವೆಂದು ನಾವು ಹೇಳುವುದಿಲ್ಲ. ಶ್ರೀಮಂತರ ಮಕ್ಕಳಿಗೆ ಒದಗಿದ್ದು ಬಡವರ ಮಕ್ಕಳಿಗೂ ಒದಗಲಿ. ಆದರೆ ಪಾಠ ತಲೆಗೆ ಹತ್ತದ ಮಗುವಿಗೆ ಅದು ಹತ್ತುವ ದಾರಿಯನ್ನು ಕಂಡುಹಿಡಿಯುವುದೇ ನಾವೀನ್ಯವಾದರೆ, ಆ ಮಗುವಿನ ಮುಖವನ್ನು ದಿನವೂ ನೋಡುವ ಉಪಾಧ್ಯಾಯರಲ್ಲದೆ ಬೇರೆ ಯಾರು ಕಂಡುಹಿಡಿದಾರು?

ಉದಾಹರಣೆಗೆ ದೂರ ಹೋಗಬೇಕಿಲ್ಲ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ಕಾಡಂಚಿನ ತಾಲ್ಲೂಕು. ಒಬ್ಬಿಬ್ಬರು ಮೇಷ್ಟರು, ಒಂದೇ ಕೋಣೆಯಲ್ಲಿ ಹಲವು ತರಗತಿಗಳು. 1995ರಲ್ಲಿ ‘ನಲಿ-ಕಲಿ’ ಹುಟ್ಟಿದ್ದು ಅಂತಹ ಶಾಲೆಗಳಲ್ಲಿ. ಅಲ್ಲಿನ ಸರ್ಕಾರಿ ಶಾಲೆಯ ಉಪಾಧ್ಯಾಯರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಆ ಸಂಸ್ಥೆಯ ಗ್ರಾಮಶಾಲೆಗಳಲ್ಲಿ ಮಕ್ಕಳು ಕಾರ್ಡು ಹಿಡಿದು ಗುಂಪುಗುಂಪಾಗಿ ಕಲಿಯುವುದನ್ನು ನೋಡಿ ಬಂದರು. ಯುನಿಸೆಫ್ ಸಂಸ್ಥೆಯ ನೆರವೂ ಇತ್ತು. ಕಂಡದ್ದನ್ನು ಹಾಗೆಯೇ ನಕಲು ಮಾಡದೆ, ನಮ್ಮ ಪಠ್ಯವನ್ನೇ ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದು, ಹಾಡು ಕಥೆಗಳನ್ನು ಸೇರಿಸಿ, ಕಾರ್ಡುಗಳನ್ನು ತಯಾರಿಸಿ, ‘ಕಲಿಕಾ ಏಣಿ’ಯನ್ನು ಕಟ್ಟಿದರು. ಜ್ವರ ಬಂದೋ, ತಾಯಿ ಕೂಲಿಗೆ ಹೋದಾಗ ತಮ್ಮನನ್ನು ಎತ್ತಿಕೊಂಡೋ ಹದಿನೈದು ದಿನ ಶಾಲೆ ತಪ್ಪಿಸಿಕೊಂಡ ಹುಡುಗಿ ಮರಳಿ ಬಂದರೆ, ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದೆ ಹತ್ತಬಹುದು. ದಡ್ಡಿ ಎಂದು ಅವಳನ್ನು ಮೂಲೆಗೆ ತಳ್ಳುವ ಪ್ರಮೇಯವೇ ಇಲ್ಲ. ಮೇಷ್ಟರು ಕುರ್ಚಿ ಬಿಟ್ಟು ಮಕ್ಕಳ ಜೊತೆ ನೆಲದ ಮೇಲೆ ಕುಳಿತರು. ಕೂಲಿಕಾರರ ಮಕ್ಕಳಿಗೆ ಇದಕ್ಕಿಂತ ದೊಡ್ಡ ನಾವೀನ್ಯ ಯಾವುದಿದ್ದೀತು?

ಆ ಮೇಷ್ಟರಿಗೆ ಹುರುಪು ಬಂದದ್ದು ಭಾಷಣದಿಂದಲ್ಲ. ಕೆಲಸ ತಮ್ಮದೆನಿಸಿದ್ದರಿಂದ ಬಂತು. 2009-10ರಲ್ಲಿ ಸರ್ಕಾರ ಈ ಪದ್ಧತಿಯನ್ನು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಮೊದಲೆರಡು ತರಗತಿಗಳಿಗೆ, ಆಮೇಲೆ ಮೂರನೆಯದಕ್ಕೂ ವಿಸ್ತರಿಸಿತು. ಒಳ್ಳೆಯದೇ. ಆದರೆ ಅದೇ ಕಾರ್ಡು ಅಚ್ಚಾಗಿ, ಸುತ್ತೋಲೆಯ ಜೊತೆ ಬಂದಿಳಿದಾಗ, ಅದನ್ನು ತಿದ್ದುವ ಸ್ವಾತಂತ್ರ್ಯ ಎಷ್ಟೋ ಕಡೆ ಜೊತೆಗೆ ಬರಲಿಲ್ಲ. ಮೇಷ್ಟರ ಪಾಲಿಗೆ ಅದೂ ಮತ್ತೊಂದು ಹುಕುಂ ಆಯಿತು.

ಹೊಸದನ್ನು ಯೋಚಿಸಲು ಹೊತ್ತಾದರೂ ಎಲ್ಲಿದೆ? ಬಿಸಿಯೂಟದ ಲೆಕ್ಕ, ಮೊಟ್ಟೆಯ ಲೆಕ್ಕ, ವಿದ್ಯಾರ್ಥಿವೇತನದ ಅರ್ಜಿ, ದಿನಕ್ಕೊಂದು ಆನ್‌ಲೈನ್ ನಮೂನೆ. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಇವುಗಳ ಹೊರತು ಶಿಕ್ಷಣೇತರ ಕೆಲಸಕ್ಕೆ ಉಪಾಧ್ಯಾಯರನ್ನು ಹಚ್ಚಬಾರದೆಂದು 2009ರ ಶಿಕ್ಷಣ ಹಕ್ಕು ಕಾಯಿದೆಯ 27ನೇ ಕಲಮು ಹೇಳುತ್ತದೆ. 2025ರ ದಸರೆಯಲ್ಲಿ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗಾಗಿ ಅವರು ಮನೆಮನೆ ಸುತ್ತಿದರು. ಸರ್ಕಾರಿ, ಅನುದಾನಿತ ಶಾಲೆಗಳ ರಜೆ ಅಕ್ಟೋಬರ್ 18ರವರೆಗೆ ಬೆಳೆಯಿತು. ಸಮೀಕ್ಷೆ ಬೇಕಾದದ್ದೇ, ಅದನ್ನು ಕೇಳಿದವರಲ್ಲಿ ನಾವೂ ಇದ್ದೇವೆ. ಆದರೆ ಅದಕ್ಕಾಗಿ ಪಾಠ ಕಳೆದುಕೊಂಡವರು ಹಿಂದುಳಿದವರ ಮಕ್ಕಳೇ ಎಂಬುದನ್ನು ಮುಚ್ಚಿಡುವುದು ಹೇಗೆ?

ಅತಿಥಿ ಶಿಕ್ಷಕರ ಪಾಡಂತೂ ಗಿರಣಿಯ ಬದಲಿ ಕಾರ್ಮಿಕರದೇ. ಶಾಲೆ ನಡೆದಷ್ಟು ದಿನ ಗೌರವಧನ, ಬೇಸಿಗೆಯಲ್ಲಿ ಬರಿಗೈ. ಬರುವ ಜೂನ್‌ನಲ್ಲಿ ಕೆಲಸವಿದೆಯೋ ಇಲ್ಲವೋ ತಿಳಿಯದವರಿಗೆ ಉಲ್ಲಾಸದ ಉಪದೇಶ! ಪಾಠ ಮಾಡದ ಮೇಷ್ಟರೂ ಇದ್ದಾರೆ. ಅವರ ಪರ ನಾವು ವಕಾಲತ್ತು ವಹಿಸುವುದಿಲ್ಲ.

ಶಾಲಾಭಿವೃದ್ಧಿ ಸಮಿತಿಯಲ್ಲಿ ಪಾಲಕರೇ ಹೆಚ್ಚು. ಮುಂದಿನ ಸಭೆಗೆ ಪಾಳಿ ಬದಲಿಸಿಕೊಂಡಾದರೂ, ಅಂಗಡಿಯನ್ನು ಒಂದು ಗಳಿಗೆ ಮುಚ್ಚಿಯಾದರೂ ಹೋಗಿ. ಕಳೆದ ತಿಂಗಳು ಮೇಷ್ಟರು ಎಷ್ಟು ದಿನ, ಯಾರ ಆಜ್ಞೆಯಂತೆ, ಪಾಠ ಬಿಟ್ಟು ಬೇರೆ ಕೆಲಸಕ್ಕೆ ಹೋದರೆಂದು ಕೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ಒಂದು ಪ್ರತಿ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಹೋಗಲಿ. ಇನ್ನೊಂದನ್ನು ನಮಗೆ ತಲುಪಿಸಿ, ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.