ಸೋಂದೆಗೊಂದು ಸುತ್ತುಹಾದಿ

ಶಿರಸಿಯಿಂದ ಸುಮಾರು 20 ಕಿ.ಮೀ. ದೂರದ ಸೋಂದೆಗೆ ಬರುವ ಪ್ರವಾಸಿ ವಾಹನಗಳು ಸಾಮಾನ್ಯವಾಗಿ ಎರಡು-ಮೂರು ಕಡೆ ಮಾತ್ರ ನಿಲ್ಲುತ್ತವೆ: ಶಾಲ್ಮಲೆಯ ಸಹಸ್ರಲಿಂಗ, ವಾದಿರಾಜ ಮಠ, ಸಮಯವಿದ್ದರೆ ಸ್ವರ್ಣವಲ್ಲಿ. ನಡುವಿನ ನೆಲವೆಲ್ಲ ಕಿಟಕಿಯಾಚೆ ಸರಿದುಹೋಗುತ್ತದೆ. ಆದರೆ ಸೋಂದೆಯ ಚರಿತ್ರೆಯ ಬಹುಪಾಲು ಇರುವುದು ಆ ನಡುವಿನ ನೆಲದಲ್ಲಿಯೇ. ಊರಿನ ಹಳೆಯ ಕಾಲುದಾರಿಗಳನ್ನು ಕೂಡಿಸಿ, ಹೊರಟಲ್ಲಿಗೇ ಮರಳುವ ಸುತ್ತುಹಾದಿಯೊಂದನ್ನು ಗ್ರಾಮಸ್ಥರೂ ವಿದ್ಯಾರ್ಥಿಗಳೂ ಸೇರಿ ಗುರುತಿಸಿಕೊಳ್ಳಬೇಕಾದ ಅಗತ್ಯವಿರುವುದು ಇದಕ್ಕಾಗಿ.

1763ರ ಸುಮಾರಿಗೆ ಹೈದರಾಲಿಯ ವಶವಾಗುವವರೆಗೆ ಇದು ಸೋದೆ ಅರಸರ ರಾಜಧಾನಿ. ಅರಸಪ್ಪನಾಯಕನ ಕಾಲದಲ್ಲಿ ವಾದಿರಾಜರು ಇಲ್ಲಿ ನೆಲೆಸಿದರು. ಇಲ್ಲಿನ ಜೈನ ಮಠದ ಪರಂಪರೆಗೆ ಸೇರಿದ ಭಟ್ಟಾಕಳಂಕ 1604ರಲ್ಲಿ ಕನ್ನಡಕ್ಕೆ 'ಕರ್ಣಾಟಕ ಶಬ್ದಾನುಶಾಸನ'ವೆಂಬ ವ್ಯಾಕರಣವನ್ನು ಸಂಸ್ಕೃತದಲ್ಲಿ ರಚಿಸಿದನು. ಹೊಳೆಯ ಬಂಡೆಗಳಲ್ಲಿ ಲಿಂಗಗಳನ್ನು ಕಡೆಯಿಸಿದವನು ಸದಾಶಿವರಾಯ (1678–1718). ಮಾಧ್ವ, ಸ್ಮಾರ್ತ, ಜೈನ ಮಠಗಳು ಮೂರೂ ಇಷ್ಟು ಹತ್ತಿರದಲ್ಲಿ ಬಾಳಿರುವ ಊರು ಅಪರೂಪ. ಈ ವೈಭವಕ್ಕೆಲ್ಲ ಹಣ ಎಲ್ಲಿಂದ ಬಂತೆಂದು ಕೋಟೆಯಲ್ಲಿ ಉಳಿದಿರುವ ಫಿರಂಗಿಗಳು ಹೇಳಲಾರವು. ಅದನ್ನು ತಿಳಿಯಲು ಮೆಣಸಿನ ಬಳ್ಳಿ ಹಬ್ಬಿದ ಅಡಿಕೆ ತೋಟಕ್ಕೆ ಇಳಿಯಬೇಕು.

ತೋಟವು ಕಣಿವೆಯಲ್ಲಿ, ಸೊಪ್ಪಿನ ಬೆಟ್ಟವು ಅದರ ಮೇಲೆ. ಬ್ರಿಟಿಷರ ಕಾಲದ ನಿಯಮದಂತೆ ಘಟ್ಟದ ಮೇಲಿನ ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟದ ಸವಲತ್ತು ದೊರೆಯಿತು. ಬೆಟ್ಟದ ಸೊಪ್ಪೂ ದರಕೂ ಕೊಟ್ಟಿಗೆಯ ಹಾಸಾಗಿ, ಗೊಬ್ಬರವಾಗಿ ತೋಟ ಸೇರುತ್ತವೆ. ಬೆಟ್ಟದ ಮರಗಳಡಿ ಇಂಗಿದ ಮಳೆನೀರು ಬೇಸಿಗೆಯಲ್ಲಿ ತೋಟದ ಅಂಚಿನಲ್ಲಿ ಒಸರುತ್ತದೆ. ಮರ ಉಳಿದಿರುವ ಬೆಟ್ಟದ ಒಂದು ಹಿಡಿ ಮಣ್ಣನ್ನೂ ಬೋಳಾದ ಬೆಟ್ಟದ ಒಂದು ಹಿಡಿಯನ್ನೂ ಅಂಗೈಯಲ್ಲಿಟ್ಟು ಹೋಲಿಸಿದ ವಿದ್ಯಾರ್ಥಿಗೆ ಮಣ್ಣು ವಿಜ್ಞಾನದ ಅರ್ಧ ಪಾಠ ಮುಗಿದಂತೆಯೇ. ನಡೆದು ಇಳಿದವರಿಗೆ ಮಾತ್ರ ಈ ಸಂಬಂಧ ಕಾಣುತ್ತದೆ.

ಈ ಸುತ್ತನ್ನು ವರ್ಷಕ್ಕೆ ಎರಡು ಬಾರಿಯಾದರೂ ಹಾಕಬೇಕು. ಮುಂಡಿಗೆಕೆರೆಯ ಮುಂಡಿಗೆ ಹಿಂಡಲುಗಳ ಮೇಲೆ ಬೆಳ್ಳಕ್ಕಿಗಳು ಗೂಡು ಕಟ್ಟುವುದು ಮಳೆಗಾಲದಲ್ಲಿ. ಸಹಸ್ರಲಿಂಗಗಳು ಕಾಣಿಸುವುದು ನೀರು ಇಳಿದ ಮೇಲೆ. ಶಿವರಾತ್ರಿಯ ಜನಜಂಗುಳಿಯಲ್ಲಿ ಲಿಂಗ ಕಂಡೀತು, ಹೊಳೆ ಕಾಣದು.

ಹೊಳೆಯನ್ನು ಕಾಣಲೇಬೇಕಾದ ಕಾಲವಿದು. ಶಾಲ್ಮಲೆಯ ತೀರದ ಕಾಡು 2012ರಲ್ಲಿ ಸಂರಕ್ಷಿತ ಮೀಸಲು ಎಂದು ಘೋಷಿತವಾಗಿದೆ. ಇದೇ ಶಾಲ್ಮಲೆಯ ಹಾಗೂ ಪಟ್ಟಣದ ಹಳ್ಳದ ನೀರನ್ನು ತಡೆದು ಎತ್ತಿ ವರದೆಗೆ ಹರಿಸುವ ಬೇಡ್ತಿ–ವರದಾ ಜೋಡಣೆಯ ಪ್ರಸ್ತಾವವೂ ಮತ್ತೆ ಮತ್ತೆ ತಲೆಯೆತ್ತುತ್ತಿದೆ. ಬಯಲುಸೀಮೆಯ ಬಾಯಾರಿಕೆ ಸುಳ್ಳಲ್ಲ. ಅದನ್ನು ಹಗುರವಾಗಿ ಕಾಣುವುದು ಮಲೆನಾಡಿಗರಿಗೆ ಶೋಭೆಯೂ ಅಲ್ಲ. ಆದರೆ ಯೋಜನೆಯು ನಿಂತಿರುವುದು 'ಹೆಚ್ಚುವರಿ ನೀರು' ಎಂಬ ಎಣಿಕೆಯ ಮೇಲೆ. ಬೇಸಿಗೆಯಲ್ಲಿ ಈ ಹಾದಿಯಲ್ಲಿ ನಡೆದವರಿಗೆ ಆ ಪದ ವಿಚಿತ್ರವಾಗಿ ಕೇಳಿಸುತ್ತದೆ. ಯಾವ ಒಸರು ಯಾವ ವಾರ ಬತ್ತಿತು, ಹೊಳೆಯ ಹರಿವು ಯಾವಾಗ ಕಡಿಯಿತು ಎಂಬುದನ್ನು ಊರಿನ ಶಾಲೆಯ ಮಕ್ಕಳು ನಾಲ್ಕಾರು ವರ್ಷ ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ, ಸಾರ್ವಜನಿಕ ಅಹವಾಲಿನಲ್ಲಿ ಮುಂದಿಡಲು ಘೋಷಣೆಗಿಂತ ಗಟ್ಟಿಯಾದುದೊಂದು ಗ್ರಾಮದ ಕೈಯಲ್ಲಿರುತ್ತದೆ.

ಹಾದಿಯೇ ಹೊರೆಯಾಗುವ ಅಪಾಯವೂ ಉಂಟು. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಚಾರಣಿಗರು ಮುಗಿಬಿದ್ದ ಪರಿಣಾಮವಾಗಿ ಸರ್ಕಾರ ಚಾರಣವನ್ನೇ ಕೆಲಕಾಲ ನಿಲ್ಲಿಸಿ, ಮುಂಗಡ ನೋಂದಣಿಯ ಮಿತಿ ವಿಧಿಸಬೇಕಾಯಿತು. ಸೋಂದೆಯ ಹಾದಿಗೆ ಸಿಮೆಂಟು ಬೇಡ, ಹತ್ತು ಹೆಜ್ಜೆಗೊಂದು ಫಲಕವೂ ಬೇಡ. ದಣಪೆ ದಾಟುವ ಮುನ್ನ ತೋಟದವರ ಒಪ್ಪಿಗೆ, ಜೊತೆಗೆ ಊರಿನವರೊಬ್ಬರು, ಒಂದು ತಂಡದಲ್ಲಿ ಹದಿನೈದು ಜನರಿಗಿಂತ ಹೆಚ್ಚಿಲ್ಲ ಎಂಬ ಕಟ್ಟುಪಾಡನ್ನು ಗ್ರಾಮಸಭೆಯೇ ಮಾಡಿಕೊಳ್ಳಬಹುದು. ಗೂಡುಗಳ ಕಾಲದಲ್ಲಿ ಕೆರೆಯ ಏರಿಯಿಂದ ದೂರ ನಿಂತೇ ನೋಡಬೇಕು. ಮಳೆಗಾಲದಲ್ಲಿ ಕಾಲುಸಂಕಗಳು ನಂಬಲರ್ಹವಲ್ಲವಾದ್ದರಿಂದ, ಹಳ್ಳ ದಾಟದ ಬೇರೊಂದು ಸುತ್ತನ್ನು ಮೊದಲೇ ಗುರುತಿಸಿಡುವುದು ಒಳ್ಳೆಯದು.