ಮೋಟಾರ್ ಸಿಮ್ಮಿನ ಕರಾರನ್ನೂ ಓದಿ

ಬೋರ್‌ವೆಲ್‌ನ ಮೊಬೈಲ್ ಸ್ಟಾರ್ಟರ್‌ಗೆ ಹಾಕಿದ ಸಿಮ್ಮನ್ನು ನಾವ್ಯಾರೂ ಫೋನ್ ಅಂತ ಲೆಕ್ಕಕ್ಕೆ ಹಿಡಿಯೋದಿಲ್ಲ. ನಾನೂ ಹಿಡಿದಿರಲಿಲ್ಲ. ವರ್ಷದ ಪ್ಲಾನ್ ಮುಗಿದದ್ದೇ ತಡ, ಕೇಳದೆ ಇನ್ನೊಂದು ವರ್ಷಕ್ಕೆ ಖಾತೆಯಿಂದ ಹಣ ಕಟ್ ಆಯ್ತು. ಬೇಡ ಅಂದರೆ, ಅವಧಿಗೆ ಮುಂಚೆ ಬಿಟ್ಟರೆ 900 ರೂಪಾಯಿ ಶುಲ್ಕ ಅಂದರು.

ಇಷ್ಟಕ್ಕೆಲ್ಲ ಯಾರು ಅಲೆಯೋದು ಅಂತ ಸುಮ್ಮನಾಗೋದು ತಪ್ಪು. ಮಂಡಿಯಲ್ಲಿ ಒಂದು ಕೆಜಿ ತೂಕ ಹೊಡೆದರೆ ಜಗಳಕ್ಕೆ ನಿಲ್ಲುವ ನಾವು ಇಲ್ಲಿ ಯಾಕೆ ಬಾಯಿ ಮುಚ್ಚಬೇಕು?

ಆಟೋಪೇ ಹಣ ಕಡಿತಕ್ಕೆ 24 ಗಂಟೆ ಮೊದಲೇ ತಿಳಿಸಬೇಕೆಂದು ರಿಸರ್ವ್ ಬ್ಯಾಂಕ್ ನಿಯಮವಿದೆ. ಆದ ನಷ್ಟಕ್ಕೆ ಮೀರಿದ ದಂಡ ಹಾಕುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನ್ಯಾಯದ ಕರಾರು ಎಂದೇ ಪರಿಗಣಿಸುತ್ತದೆ.

ಫೋನಲ್ಲಿ ಕೂಗಾಡಿದರೆ ದಾಖಲೆ ಉಳಿಯೋಲ್ಲ. ನಾನು ಇಮೇಲ್‌ನಲ್ಲಿ ಎರಡೇ ಪ್ರಶ್ನೆ ಕೇಳಿದೆ: ನವೀಕರಣಕ್ಕೆ ನಾನು ಒಪ್ಪಿದ ದಾಖಲೆ ಎಲ್ಲಿ? ಈ 900ಕ್ಕೆ ಲೆಕ್ಕ ಏನು? ಉತ್ತರ ಬರದಿದ್ದಾಗ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆ. ಶುಲ್ಕ ಬಿಟ್ಟರು. ಕಟ್ ಆದ ಹಣ ಇನ್ನೂ ಬಂದಿಲ್ಲ, ನಾನೂ ಬಿಟ್ಟಿಲ್ಲ.

ಇವತ್ತೇ ನಿಮ್ಮ ಆಟೋಪೇ ಪಟ್ಟಿ ತೆಗೆದು ನೋಡಿ. ಆದರೆ ಬೇರೆ ಸಿಮ್ ಹಾಕಿದ ಮೇಲೇ ಹಳೇದನ್ನು ನಿಲ್ಲಿಸಿ. ಬೇಸಿಗೆಯಲ್ಲಿ ಮೋಟಾರ್ ನಿಂತರೆ ಆಗುವ ನಷ್ಟ 900ಕ್ಕಿಂತ ದೊಡ್ಡದು.