ಸುರಂಗದ ನೀರು, ಪೆಟ್ಟಿಗೆಯೊಳಗಿನ ಕನ್ನಡ

ಕಾಸರಗೋಡಿನ ಪೂರ್ವಭಾಗದ ಗುಡ್ಡಗಳ ನಡುವಿನ ಒಂದು ಹಳೆಯ ತೋಟದ ಮನೆ. ಮಕ್ಕಳೆಲ್ಲ ಉದ್ಯೋಗ ನಿಮಿತ್ತ ದೂರ ಸೇರಿದ್ದಾರೆ. ಎಂಬತ್ತು ದಾಟಿದ ಯಜಮಾನರು ಮಾತ್ರ ಅಲ್ಲಿಯೇ ಉಳಿದಿದ್ದಾರೆ. ಬೇಸಗೆಯ ರಜೆಗೆ ಎಲ್ಲರೂ ಕೂಡಿದಾಗ ಅವರ ಮಾತು ಹಿಂದಿನ ದಿನಗಳತ್ತ ಹೊರಳುತ್ತದೆ.

ಆಗ ಗದ್ದೆಗಳಿಗೂ ಅಂತಸ್ತಿತ್ತು. ಮಳೆಯನ್ನೇ ನಂಬಿ ಒಂದು ಬೆಳೆ ಕೊಡುವ ಬೆಟ್ಟು, ಎರಡು ಬೆಳೆಯ ಮಜಲು, ಏಣೇಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆಯನ್ನೂ ತಾಳಬಲ್ಲ ಬೈಲು. ಇಂದು ಅಲ್ಲೆಲ್ಲ ಅಡಕೆಯೂ ರಬ್ಬರೂ ನಿಂತಿವೆ. ಬದಲಾಗದೆ ಉಳಿದದ್ದು ಸುರಂಗವೊಂದೇ. ಮುರಕಲ್ಲಿನ ಗುಡ್ಡವನ್ನು ಪಿಕ್ಕಾಸಿನಿಂದ ಅಡ್ಡಲಾಗಿ ಕೊರೆದು, ಆಳು ನಡೆಯುವಷ್ಟು ದಾರಿ ಮಾಡಿ, ಒಸರುವ ಜಲವನ್ನು ಹೊರತಂದ ಹಿರಿಯರ ಶ್ರಮವದು. ಒಳಗೆ ದೀಪ ಮಂಕಾದರೆ ಗಾಳಿ ಸಾಲದೆಂದು ತಿಳಿದು ಹೊರಬರುತ್ತಿದ್ದರಂತೆ. ಯಂತ್ರದ ಹಂಗಿಲ್ಲದೆ ಹರಿದುಬಂದ ನೀರು ಮಣ್ಣಿನ ಕೆರೆಯಲ್ಲಿ ತುಂಬಿ, ಅಡಕೆ ಮರದ ದಂಬೆಗಳ ಮೂಲಕ ಗಿಡಗಳ ಬುಡ ಸೇರುತ್ತಿತ್ತು. ಆ ಕೆರೆಯ ದಂಡೆಯಲ್ಲಿ ಕಳೆದ ಬಾಲ್ಯವನ್ನು ನೆನೆದಾಗ ಯಜಮಾನರ ಕಣ್ಣು ಇಂದಿಗೂ ತೇವಗೊಳ್ಳುತ್ತದೆ.

ಈ ಸಲದ ರಜೆಯಲ್ಲಿ ನೆನಪಿನ ಜೊತೆಗೆ ವ್ಯವಹಾರವೂ ಬಂದಿತು. ಆಸ್ತಿಯನ್ನು ಪಾಲು ಮಾಡುವುದೆಂದೂ, ಮೇಲಿನ ತೋಟ ಹಿರಿಯ ಮಗನಿಗೆಂದೂ, ಅವನು ಅದನ್ನು ಮಾರುವನೆಂದೂ ನಿಶ್ಚಯವಾಯಿತು. ಹೊಸ ಪಾಲುಪತ್ರದ ಕರಡಿನಲ್ಲಿ ಸರ್ವೇ ನಂಬರು, ವಿಸ್ತೀರ್ಣ, ಗಡಿ ಎಲ್ಲವೂ ಸರಿಯಾಗಿದ್ದವು. ಎಲ್ಲರೂ ಒಪ್ಪಿದರು.

ಕನ್ನಡ ಮಾಧ್ಯಮದ ಒಂಬತ್ತನೆಯ ತರಗತಿಯಲ್ಲಿ ಓದುವ ಮೊಮ್ಮಗಳು ಕುತೂಹಲದಿಂದ ಮರದ ಪೆಟ್ಟಿಗೆಯನ್ನು ತೆರೆದಳು. ಅದರಲ್ಲಿ ಮುತ್ತಜ್ಜನ ಕಾಲದ ಪಾಲುಪಟ್ಟಿಯಿತ್ತು. 1956ರ ನವೆಂಬರ್ 1ಕ್ಕೆ ಮೊದಲು ಕಾಸರಗೋಡು ಮದರಾಸಿನ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಆ ಕಾಲದ ಅನೇಕ ದಸ್ತಾವೇಜುಗಳಂತೆ ಇದೂ ಕನ್ನಡದಲ್ಲಿಯೇ ಇತ್ತು. ಕೂಡಕ್ಷರದ ಬರಹವನ್ನು ಅವಳು ತಡವರಿಸುತ್ತ ಓದಿದಳು. ಮೇಲಿನ ತೋಟದಲ್ಲಿರುವ ಸುರಂಗದ ನೀರು ಒಂದು ದಿನ ಮೇಲಿನ ತೋಟಕ್ಕೆ, ಮರುದಿನ ಕೆಳಗಿನ ತೋಟಕ್ಕೆ ಹರಿಯತಕ್ಕದ್ದು ಎಂದು ಅಲ್ಲಿ ಬರೆದಿತ್ತು. ಕರಡಿನಲ್ಲಿ ಆ ಮಾತೇ ಇರಲಿಲ್ಲ.

ಒಂದೇ ಮನೆಯವರು ಎರಡೂ ತೋಟಗಳನ್ನು ನೋಡಿಕೊಳ್ಳುತ್ತಿದ್ದಷ್ಟು ಕಾಲ ನೀರಿನ ಸರದಿಯನ್ನು ಬರೆದಿಡುವ ಅಗತ್ಯ ಯಾರಿಗೂ ಕಂಡಿರಲಿಲ್ಲ. ತೋಟ ಪರರ ಕೈಸೇರಿದ ಮೇಲೆ ಕೊಂಡವರು ದಂಬೆಯನ್ನು ತಿರುಗಿಸಿದರೆ, ಕೆಳಗಿನ ತೋಟದವರ ಕೈಯಲ್ಲಿ ನೆನಪಲ್ಲದೆ ಬೇರೇನು ಉಳಿಯುತ್ತಿತ್ತು? ನೆನಪನ್ನು ನ್ಯಾಯಾಲಯದಲ್ಲಿ ಸಾಬೀತುಪಡಿಸುವುದು ಸುಲಭವಲ್ಲ. ಹಿರಿಯ ಮಗ ವಾದಿಸಲಿಲ್ಲ. ನೀರಿನ ಷರತ್ತು ಹೊಸ ಪತ್ರವನ್ನು ಸೇರಿತು. ಮಾರಾಟ ಮಾತ್ರ ನಿಲ್ಲಲಿಲ್ಲ.

ಗಡಿನಾಡಿನ ಮನೆಗಳಲ್ಲಿ ಇಂಥ ಪೆಟ್ಟಿಗೆಗಳು ಇನ್ನೂ ಇವೆ. ಅವುಗಳಲ್ಲಿನ ಕಾಗದಗಳನ್ನು ಹಿರಿಯರಿರುವಾಗಲೇ ಮಕ್ಕಳಿಂದ ಓದಿಸಿ, ಗದ್ದೆ, ತೋಟ, ಕಾಲುದಾರಿ, ನೀರಿನ ಪಾಲುಗಳ ಹೆಸರನ್ನು ಬರೆಸಿಡುವುದು ಒಳ್ಳೆಯದು. ನೋಂದಣಿಯಾದ ಮೂಲಪತ್ರ ಗೆದ್ದಲಿನ ಪಾಲಾಗಿದ್ದರೆ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಅರ್ಜಿ ಸಲ್ಲಿಸಿ ದೃಢೀಕೃತ ನಕಲನ್ನು ಪಡೆಯಬಹುದು. ನಕಲು ದೊರೆತರೂ ಅದನ್ನು ಓದಬಲ್ಲವರು ಮನೆಯಲ್ಲಿರಬೇಕು. ಕನ್ನಡ ಶಾಲೆಯಿಂದ ಏನು ಪ್ರಯೋಜನವೆಂದು ಕೇಳುವವರಿಗೆ ಆ ಮನೆಯ ಕೆಳಗಿನ ತೋಟವೇ ಒಂದು ಉತ್ತರ. ದಿನ ಬಿಟ್ಟು ದಿನ ಅಲ್ಲಿ ಈಗಲೂ ನೀರು ಹರಿಯುತ್ತಿದೆ.